ಸಿರೋಸಿಸ್‌ನಲ್ಲಿ ಹೊಟ್ಟೆಗೆ ನೀರು ತುಂಬಿದಾಗ: ಪೋರ್ಟಲ್ ಒತ್ತಡವನ್ನು ಹಂತ ಹಂತವಾಗಿ ಅಳೆಯುವ ಬಗೆ

"ಪೋರ್ಟಲ್ ಪ್ರೆಶರ್ ಎಷ್ಟಿದೆ ಅಂತ ತೋರಿಸೋ ಟೆಸ್ಟ್ ಒಂದಿದೆಯಂತೆ ಡಾಕ್ಟ್ರೇ, ಮಾಡಿಸೋಣ್ವಾ?"

ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗುವ ರೋಗ, ಬಂದು ಹೊಟ್ಟೆಗೆ ನೀರು ತುಂಬಿದವರ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಅದರಲ್ಲಿ ಮೂರು ಸ್ಕ್ಯಾನ್, ಹತ್ತಾರು ರಕ್ತದ ರಿಪೋರ್ಟ್. ಆದರೆ ಹೊಟ್ಟೆಯ ನೀರನ್ನು ಪರೀಕ್ಷೆ ಮಾಡಿದ ಒಂದು ಹಾಳೆಯೂ ಇರುವುದಿಲ್ಲ.

ಸಿರೋಸಿಸ್ ಇರುವವರ ಹೊಟ್ಟೆಗೆ ನೀರು ಬಂತು ಎಂದರೆ ಪೋರ್ಟಲ್ ಒತ್ತಡ, ಅಂದರೆ ಲಿವರ್‌ಗೆ ರಕ್ತ ತರುವ ರಕ್ತನಾಳದ ಒತ್ತಡ, ಏರಿದೆ ಎನ್ನುವುದಕ್ಕೆ ಬಹುಮಟ್ಟಿಗೆ ಆ ನೀರೇ ಸಾಕ್ಷಿ. ಏರಿದೆಯಾ ಇಲ್ಲವಾ ಎಂದು ನೋಡಲು ಮತ್ತೊಂದು ಯಂತ್ರದ ಹಿಂದೆ ಓಡಬೇಕಾಗಿಲ್ಲ. ಈಗ ತಿಳಿಯಬೇಕಾದ ವಿಷಯ ಬೇರೆ. ನೀರು ನಿಜವಾಗಿ ಆ ಒತ್ತಡದಿಂದಲೇ ಬಂದದ್ದಾ? ಅದಕ್ಕೆ ಸೋಂಕು ತಗಲಿದೆಯಾ? ಅನ್ನನಾಳದ ರಕ್ತನಾಳಗಳು ಒಡೆಯುವಷ್ಟು ಉಬ್ಬಿವೆಯಾ? ಕಿಡ್ನಿ ಇನ್ನೂ ತಡೆದುಕೊಂಡಿದೆಯಾ? ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಔಷಧಿಯ ತೀರ್ಮಾನ ರೋಗಿಯನ್ನು ನೋಡುತ್ತಿರುವ ಡಾಕ್ಟರದ್ದೇ. ಆದರೆ ಯಾವ ಪರೀಕ್ಷೆ ಯಾಕೆ ಎಂದು ಮನೆಯವರಿಗೂ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಕೆಲವೊಮ್ಮೆ ಜೀವವೂ ಉಳಿಯುತ್ತದೆ.

ಈ ಒತ್ತಡ ಅಂದರೆ ಏನು

ಕರುಳು ಮತ್ತು ಗುಲ್ಮದಿಂದ (ಸ್ಪ್ಲೀನ್) ಬರುವ ರಕ್ತವೆಲ್ಲ ಪೋರ್ಟಲ್ ವೇನ್ ಎಂಬ ದೊಡ್ಡ ರಕ್ತನಾಳ ಸೇರಿ ಲಿವರ್‌ಗೆ ಹೋಗುತ್ತದೆ. ಲಿವರ್‌ಗೆ ಸಿಗುವ ರಕ್ತದಲ್ಲಿ ಮುಕ್ಕಾಲು ಪಾಲು ಈ ದಾರಿಯದ್ದು. ಸಿರೋಸಿಸ್‌ನಲ್ಲಿ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಆಗ ರಕ್ತ ಸಲೀಸಾಗಿ ಒಳಗೆ ಹೋಗುವುದಿಲ್ಲ. ನಾಲೆಯಲ್ಲಿ ಹೂಳು ತುಂಬಿದರೆ ನೀರು ಏರಿಯಿಂದ ಒಸರುತ್ತದೆ, ಸಿಕ್ಕ ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತದೆ ಅಲ್ವಾ, ಇಲ್ಲೂ ಹಾಗೆಯೇ. ಒಸರಿದ್ದು ಹೊಟ್ಟೆಯ ನೀರು. ಸಂದಿಯ ದಾರಿಗಳು ಅನ್ನನಾಳ ಮತ್ತು ಜಠರದಲ್ಲಿ ಉಬ್ಬುವ ರಕ್ತನಾಳಗಳು. ಇವನ್ನು ವೇರಿಸೀಸ್ ಎನ್ನುತ್ತಾರೆ.

ಇದಕ್ಕೆ ಕಿಡ್ನಿಯೂ ಕೈಜೋಡಿಸುತ್ತದೆ. ಕರುಳಿನ ಸುತ್ತಲ ರಕ್ತನಾಳಗಳು ಸಡಿಲಾಗಿ ರಕ್ತ ಅಲ್ಲೇ ನಿಲ್ಲುವುದರಿಂದ, ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂದು ಕಿಡ್ನಿಗೆ ಅನಿಸುತ್ತದೆ. ಅದು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಎಲ್ಲಿ ಇರುತ್ತದೋ ನೀರೂ ಅಲ್ಲೇ. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಎನ್ನುವುದು ಇದಕ್ಕೇ.

ಲೆಕ್ಕ ಹೇಳುವುದಾದರೆ, ಲಿವರ್‌ನ ಒಳಬರುವ ಮತ್ತು ಹೊರಹೋಗುವ ರಕ್ತದ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ 1ರಿಂದ 5 ಮಿಮೀ ಪಾದರಸ. 5 ದಾಟಿದರೆ ಪೋರ್ಟಲ್ ಹೈಪರ್‌ಟೆನ್ಷನ್. 10 ಮುಟ್ಟಿದರೆ ತೊಂದರೆಗಳು ಕಾಣಿಸಿಕೊಳ್ಳುವ ಹಂತ. 12ರಿಂದ ಮೇಲೆ ರಕ್ತನಾಳ ಒಡೆಯುವ ಭಯ. 10ಕ್ಕಿಂತ ಕೆಳಗೆ ಇದ್ದು ಸಿರೋಸಿಸ್‌ನಿಂದ ಹೊಟ್ಟೆಗೆ ನೀರು ತುಂಬುವುದು ತೀರಾ ಅಪರೂಪ. ಹಾಗಾಗಿಯೇ ನೀರೇ ಸಾಕ್ಷಿ ಎಂದೆ. ಕೈತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯೇ ಬೇರೆ, ಇದೇ ಬೇರೆ. ಪೋರ್ಟಲ್ ಒತ್ತಡ ಏರಿದಷ್ಟೂ ಈ ಬಿಪಿ ಸಾಮಾನ್ಯವಾಗಿ ಇಳಿಯುತ್ತದೆ.

ಹಂತ 1: ಕಣ್ಣು ಮತ್ತು ಕೈಯಿಂದ ನೋಡುವುದು

ರೋಗಿಯನ್ನು ಮಲಗಿಸಿ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದರೆ ನೀರಿರುವ ಕಡೆ ಮಂದ ಸದ್ದು ಬರುತ್ತದೆ. ಪಕ್ಕಕ್ಕೆ ಹೊರಳಿಸಿದರೆ ಆ ಸದ್ದಿನ ಜಾಗವೂ ಬದಲಾಗುತ್ತದೆ. ಹೀಗೆ ಗೊತ್ತಾಗಬೇಕಾದರೆ ಸುಮಾರು ಒಂದೂವರೆ ಲೀಟರ್ ನೀರು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅಲ್ಟ್ರಾಸೌಂಡ್‌ನಲ್ಲಷ್ಟೇ ಕಾಣುತ್ತದೆ, ಅದು ಗ್ರೇಡ್ 1. ಹೊಟ್ಟೆ ಸ್ವಲ್ಪ ಉಬ್ಬಿ ಕೈಗೆ ಗೊತ್ತಾದರೆ ಗ್ರೇಡ್ 2. ಬಿಗಿದು ತಮಟೆಯಂತಾದರೆ ಗ್ರೇಡ್ 3.

ಜೊತೆಗೆ ನೋಡಬೇಕಾದವು ಹಲವು. ಗುಲ್ಮ ಕೈಗೆ ಸಿಗುತ್ತದೆಯಾ? ಹೊಕ್ಕುಳ ಸುತ್ತ ರಕ್ತನಾಳಗಳು ಉಬ್ಬಿವೆಯಾ? ಎದೆ ಮೇಲೆ ಜೇಡದ ಕಾಲಿನಂಥ ಕೆಂಪು ಗೆರೆ ಇದೆಯಾ? ಕೈ ಮುಂದೆ ಚಾಚಿ ಮಣಿಕಟ್ಟು ಎತ್ತಿ ಹಿಡಿದರೆ ಕೈ ಪಟಪಟ ಬಡಿಯುತ್ತದೆಯಾ? ಹಾಗೆ ಬಡಿದರೆ ಮೆದುಳಿಗೆ ಪೆಟ್ಟು ಶುರುವಾಗಿದೆ ಎಂದು ಅರ್ಥ.

ಕುತ್ತಿಗೆಯ ರಕ್ತನಾಳವನ್ನು ನೋಡಲು ಮರೆಯಬಾರದು. ಅದು ತುಂಬಿ ನಿಂತಿದ್ದರೆ ನೀರಿಗೆ ಕಾರಣ ಹೃದಯ ಇರಬಹುದು. ಹೃದಯದ ಹೊದಿಕೆ ಟಿಬಿಯಿಂದ ಗಟ್ಟಿಯಾಗಿ ಹೊಟ್ಟೆ ಉಬ್ಬಿದವರನ್ನು ವರ್ಷಗಟ್ಟಲೆ ಲಿವರ್ ರೋಗಿ ಎಂದೇ ನೋಡಿಕೊಂಡ ಸಂದರ್ಭಗಳಿವೆ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಹಂತ 2: ಹೊಟ್ಟೆಯ ನೀರನ್ನು ಪರೀಕ್ಷೆಗೆ ಕಳಿಸುವುದು

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಎಂದಾದರೆ ಇದನ್ನು ಇಡಿ. ಮೊದಲ ಸಲ ನೀರು ಕಂಡಾಗ, ಮತ್ತು ನೀರಿರುವ ರೋಗಿ ತುರ್ತಾಗಿ ಆಸ್ಪತ್ರೆ ಸೇರಿದ ಪ್ರತಿ ಸಲ, ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಲೇಬೇಕು.

"ಒಮ್ಮೆ ನೀರು ತೆಗೆದರೆ ಮತ್ತೆ ಮತ್ತೆ ತುಂಬ್ತಾನೇ ಇರುತ್ತೆ" ಎಂದು ಹೆದರಿ ಬೇಡ ಎನ್ನುವವರು ಜಾಸ್ತಿ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಊರಲ್ಲಿ ಯಾರೋ ಒಬ್ಬರಿಗೆ ಹಾಗಾದದ್ದನ್ನು ಕಂಡಿರುತ್ತಾರೆ. ಆದರೆ ನೀರು ಮತ್ತೆ ತುಂಬುವುದು ಸೂಜಿ ಹಾಕಿದ್ದರಿಂದ ಅಲ್ಲ. ಒತ್ತಡ ಹಾಗೇ ಇರುವುದರಿಂದ. ಸೂಜಿ ಹಾಕದಿದ್ದರೂ ಅದು ತುಂಬುತ್ತಿತ್ತು.

ಇನ್ನೊಂದು ಅಡ್ಡಿ, "ಪ್ಲೇಟ್‌ಲೆಟ್ ಕಡಿಮೆ ಇದೆ, ಐಎನ್‌ಆರ್ ಜಾಸ್ತಿ ಇದೆ, ರಕ್ತ ಸುರಿದರೆ?" ಎಂಬುದು. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಅಂಕ. ಸಿರೋಸಿಸ್‌ನಲ್ಲಿ ಈ ಎರಡೂ ಕೆಟ್ಟಿರುವುದು ಸಾಮಾನ್ಯ. ಆದರೂ ಈ ಪರೀಕ್ಷೆಯಿಂದ ದೊಡ್ಡ ರಕ್ತಸ್ರಾವ ಆಗುವುದು ಬಹಳ ವಿರಳ. ಅದಕ್ಕಾಗಿ ಮೊದಲೇ ಪ್ಲಾಸ್ಮಾ ಬಾಟಲಿ ಏರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸೂಜಿ ಹಾಕುವುದು ಹೆಚ್ಚಾಗಿ ಹೊಟ್ಟೆಯ ಎಡ ಕೆಳಭಾಗದಲ್ಲಿ. ಸೊಂಟದ ಮೂಳೆಯ ಮುಂದಿನ ತುದಿಯಿಂದ ಎರಡು ಬೆರಳು ಮೇಲೆ, ಎರಡು ಬೆರಳು ಒಳಗೆ. ಅಲ್ಟ್ರಾಸೌಂಡ್ ಇಟ್ಟು ನೋಡಿಕೊಂಡು ಹಾಕಿದರೆ ಇನ್ನೂ ಒಳ್ಳೆಯದು.

ಕಳಿಸಬೇಕಾದ ಪರೀಕ್ಷೆಗಳು ನಾಲ್ಕು: ಕಣಗಳ ಎಣಿಕೆ, ಆಲ್ಬುಮಿನ್ (ಲಿವರ್ ತಯಾರಿಸುವ ಒಂದು ಪ್ರೋಟೀನ್), ಒಟ್ಟು ಪ್ರೋಟೀನ್, ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು). ಕಲ್ಚರ್‌ಗೆ ಕೊಡುವ ನೀರನ್ನು ಹಾಸಿಗೆ ಪಕ್ಕದಲ್ಲೇ ರಕ್ತದ ಕಲ್ಚರ್ ಬಾಟಲಿಗೆ ಹಾಕಬೇಕು. ಖಾಲಿ ಸೀಸೆಯಲ್ಲಿ ಲ್ಯಾಬಿಗೆ ಕಳಿಸಿದರೆ ಎಷ್ಟೋ ಸಲ ಕ್ರಿಮಿ ಬೆಳೆಯುವುದೇ ಇಲ್ಲ.

ಇನ್ನು ಒತ್ತಡದ ಲೆಕ್ಕ. ರಕ್ತದ ಆಲ್ಬುಮಿನ್‌ನಿಂದ ನೀರಿನ ಆಲ್ಬುಮಿನ್ ಕಳೆಯಿರಿ. ವಾರ್ಡಿನಲ್ಲಿ ಈ ವ್ಯತ್ಯಾಸವನ್ನು 'ಸಾಗ್' (SAAG) ಎನ್ನುತ್ತಾರೆ. ಉತ್ತರ ಡೆಸಿಲೀಟರ್‌ಗೆ 1.1 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೀರಿಗೆ ಕಾರಣ ಪೋರ್ಟಲ್ ಒತ್ತಡ. ಈ ಲೆಕ್ಕ ಸುಮಾರು 97 ಶೇಕಡಾ ಸರಿಯಾಗಿರುತ್ತದೆ. ಉದಾಹರಣೆಗೆ ರಕ್ತದಲ್ಲಿ 2.4, ನೀರಿನಲ್ಲಿ 0.7 ಎಂದುಕೊಳ್ಳಿ. ವ್ಯತ್ಯಾಸ 1.7. ಒತ್ತಡದ ನೀರೇ. ರಕ್ತದಲ್ಲಿ 3.0, ನೀರಿನಲ್ಲಿ 2.4 ಬಂತು ಎನ್ನಿ. ವ್ಯತ್ಯಾಸ 0.6 ಮಾತ್ರ. ಆಗ ಟಿಬಿ, ಕ್ಯಾನ್ಸರ್ ಕಡೆ ಹುಡುಕಬೇಕು. ನಮ್ಮ ಕಡೆ ಹೊಟ್ಟೆಯ ಟಿಬಿ ಇನ್ನೂ ಇದೆ. ಅನುಮಾನ ಇದ್ದರೆ ನೀರಿನಲ್ಲಿ ಟಿಬಿಯ ಸುಳಿವು ಕೊಡುವ ಎಡಿಎ ಪರೀಕ್ಷೆಯನ್ನೂ ಸೇರಿಸುತ್ತಾರೆ. ಸಿರೋಸಿಸ್ ಮತ್ತು ಟಿಬಿ ಒಟ್ಟಿಗೇ ಇದ್ದರೆ ಸಾಗ್ 1.1ಕ್ಕಿಂತ ಮೇಲೆಯೇ ಬರಬಹುದು ಎಂಬುದೂ ನೆನಪಿರಲಿ.

ಇಲ್ಲಿ ಒಂದು ಎಚ್ಚರಿಕೆ. ರಕ್ತ ಮತ್ತು ನೀರು ಎರಡನ್ನೂ ಒಂದೇ ದಿನ ತೆಗೆಯಬೇಕು, ಆದಷ್ಟೂ ಒಂದೇ ಹೊತ್ತಿನಲ್ಲಿ. ಸೋಮವಾರದ ರಕ್ತ, ಶುಕ್ರವಾರದ ನೀರು, ಮಧ್ಯೆ ಎರಡು ಬಾಟಲಿ ಆಲ್ಬುಮಿನ್ ಏರಿಸಿದ್ದಾರೆ ಎಂದರೆ ಆ ಲೆಕ್ಕಕ್ಕೆ ಬೆಲೆ ಇಲ್ಲ.

ಸಾಗ್ ಜಾಸ್ತಿ ಬಂದಾಗ ನೀರಿನ ಒಟ್ಟು ಪ್ರೋಟೀನ್ ನೋಡಿ. ಡೆಸಿಲೀಟರ್‌ಗೆ 2.5 ಗ್ರಾಂಗಿಂತ ಕಡಿಮೆ ಇದ್ದರೆ ಅದು ಸಿರೋಸಿಸ್‌ನ ಮಾಮೂಲಿ ರೀತಿ. 2.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೃದಯ ಅಥವಾ ಲಿವರ್‌ನಿಂದ ರಕ್ತ ಹೊರಹೋಗುವ ರಕ್ತನಾಳದ ತಡೆ ಇರಬಹುದು. ಎರಡನೆಯದನ್ನು ಬಡ್ ಕಿಯಾರಿ ಎನ್ನುತ್ತಾರೆ. ಪ್ರೋಟೀನ್ 1.5ಕ್ಕಿಂತಲೂ ಕಡಿಮೆ ಇರುವವರಿಗೆ ನೀರಿನ ಸೋಂಕು ಬೇಗ ತಗಲುತ್ತದೆ.

ಆ ಸೋಂಕನ್ನು ಹೇಳುವುದು ಕಣಗಳ ಎಣಿಕೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಘನ ಮಿಲಿಮೀಟರ್‌ಗೆ 250 ಅಥವಾ ಹೆಚ್ಚು ಇದ್ದರೆ ಸೋಂಕು ಇದೆ ಎಂದೇ ಹಿಡಿದು ಆ್ಯಂಟಿಬಯೋಟಿಕ್ ಶುರು ಮಾಡಬೇಕು. ಕಲ್ಚರ್ ಬರಲಿ ಎಂದು ಕಾಯುವಂತಿಲ್ಲ. ಜ್ವರ ಇಲ್ಲದೆ, ನೋವೂ ಇಲ್ಲದೆ, ಸುಮ್ನೆ ಸ್ವಲ್ಪ ಮಂಕಾಗಿ ಮಲಗಿದವರಲ್ಲೂ ಈ ಸೋಂಕು ಸಿಗುತ್ತದೆ. ಅದಕ್ಕೇ ಪ್ರತಿ ಸಲ ಪರೀಕ್ಷೆ ಮಾಡಿ ಎಂದು ಹಟ ಹಿಡಿಯುವುದು.

ಉಸಿರಾಟಕ್ಕೆ ಕಷ್ಟವಾಗಿ 5 ಲೀಟರ್‌ಗಿಂತ ಹೆಚ್ಚು ನೀರು ತೆಗೆದರೆ, ತೆಗೆದ ಪ್ರತಿ ಲೀಟರ್‌ಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಕೊಡಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಕಿಡ್ನಿಗೆ ಪೆಟ್ಟು ಬೀಳಬಹುದು. ಆಲ್ಬುಮಿನ್ ದುಬಾರಿ, ನಿಜ. ಆದರೆ ಕಿಡ್ನಿ ಕೈಕೊಟ್ಟರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಂತ 3: ಡಾಪ್ಲರ್ ಅಲ್ಟ್ರಾಸೌಂಡ್

ಬರೀ ಹೊಟ್ಟೆ ಸ್ಕ್ಯಾನ್ ಸಾಲದು, ರಕ್ತದ ಹರಿವನ್ನೂ ತೋರಿಸುವ ಡಾಪ್ಲರ್ ಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಿ. ಊಟವಾದ ಮೇಲೆ ಪೋರ್ಟಲ್ ರಕ್ತದ ಹರಿವು ಏರಿ ಅಳತೆ ತಪ್ಪುತ್ತದೆ.

ಪೋರ್ಟಲ್ ವೇನ್ 13 ಮಿಮೀಗಿಂತ ಅಗಲವಾಗಿದ್ದರೆ, ಗುಲ್ಮ 13 ಸೆಂಮೀಗಿಂತ ಉದ್ದವಾಗಿದ್ದರೆ, ಹರಿವು ನಿಧಾನವಾಗಿದ್ದರೆ ಅಥವಾ ರಕ್ತ ಹಿಂದಕ್ಕೇ ಹರಿಯುತ್ತಿದ್ದರೆ ಒತ್ತಡದ ಗುರುತು. ಆದರೆ 'ಪೋರ್ಟಲ್ ವೇನ್ 11 ಮಿಮೀ, ನಾರ್ಮಲ್' ಎಂದು ಬಂದರೆ ಸಮಾಧಾನ ಪಡಬೇಡಿ. ರಕ್ತ ಅಡ್ಡದಾರಿ ಹಿಡಿದು ಹೋಗಿಬಿಟ್ಟಿದ್ದರೆ ಮುಖ್ಯ ರಕ್ತನಾಳ ಸಣ್ಣದಾಗಿಯೇ ಕಾಣುತ್ತದೆ.

ಈ ಸ್ಕ್ಯಾನ್‌ನಿಂದ ನನಗೆ ಮುಖ್ಯವಾಗಿ ಬೇಕಾದ ಉತ್ತರ ಮೂರು. ಪೋರ್ಟಲ್ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ? ಲಿವರ್‌ನಿಂದ ಹೊರಹೋಗುವ ರಕ್ತನಾಳಗಳು ತೆರೆದಿವೆಯಾ? ಲಿವರ್‌ನಲ್ಲಿ ಗಡ್ಡೆ ಇದೆಯಾ? ಚೆನ್ನಾಗಿದ್ದ ರೋಗಿಗೆ ಇದ್ದಕ್ಕಿದ್ದಂತೆ ನೀರು ಜಾಸ್ತಿಯಾದರೆ ಈ ಮೂರರಲ್ಲಿ ಒಂದಿರಬಹುದು. ಗಡ್ಡೆಗಾಗಿ ಸ್ಕ್ಯಾನ್ ಅನ್ನು 6 ತಿಂಗಳಿಗೊಮ್ಮೆ ಮಾಡಿಸುತ್ತಲೇ ಇರಬೇಕು.

ಹಂತ 4: ಫೈಬ್ರೋಸ್ಕ್ಯಾನ್ ಬೇಡ

ನನ್ನ ದೊಡ್ಡಪ್ಪನಿಗೆ ಹೊಟ್ಟೆ ತುಂಬ ನೀರಿದ್ದಾಗ ಒಂದು ಕಡೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿದರು. ನಾನು ಆಗ ಊರಲ್ಲಿರಲಿಲ್ಲ. ಹತ್ತಾರು ಸಲ ಒತ್ತಿ ನೋಡಿದರೂ ಒಂದೂ ಅಳತೆ ಸರಿಯಾಗಿ ಬರಲಿಲ್ಲ. ದುಡ್ಡು ಹೋಯಿತು, ಆ ದಿನವೂ ಹೋಯಿತು. ನೀರಿನ ಪರೀಕ್ಷೆ ಒಂದು ವಾರ ತಡವಾಯಿತು. ನನಗೆ ಈಗಲೂ ಬೇಸರವಿರುವುದು ಆ ವಾರದ ಬಗ್ಗೆ.

ಕಾರಣ ಸರಳ. ಆ ಯಂತ್ರ ಚರ್ಮದ ಮೇಲೆ ಸಣ್ಣಗೆ ತಟ್ಟಿ ಒಂದು ಅಲೆ ಎಬ್ಬಿಸುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆ ಬೇಗ ಓಡುತ್ತದೆ. ಆದರೆ ಆ ಬಗೆಯ ಅಲೆ ನೀರಿನಲ್ಲಿ ಸಾಗುವುದೇ ಇಲ್ಲ. ಚರ್ಮಕ್ಕೂ ಲಿವರ್‌ಗೂ ಮಧ್ಯೆ ನೀರಿದ್ದರೆ ಲೆಕ್ಕ ಸಿಗುವುದಿಲ್ಲ.

ಲಿವರ್ ತಜ್ಞರು 2021ರಲ್ಲಿ ಮಾಡಿದ ಬವೇನೊ 7 ಒಪ್ಪಂದದಲ್ಲಿ ಫೈಬ್ರೋಸ್ಕ್ಯಾನ್‌ಗೆ ದೊಡ್ಡ ಜಾಗ ಇದೆ. ಲಿವರ್‌ನ ಗಟ್ಟಿತನ 25 ಕಿಲೋಪ್ಯಾಸ್ಕಲ್ ಮುಟ್ಟಿದರೆ ಒತ್ತಡ ತೊಂದರೆಯ ಹಂತಕ್ಕೆ ಏರಿದೆ ಎಂದು ಹಿಡಿಯಬಹುದು. 15 ಅಥವಾ ಅದಕ್ಕಿಂತ ಕಡಿಮೆ ಇದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಥವಾ ಮೇಲೆ ಇದ್ದರೆ ಇಲ್ಲ ಎನ್ನಬಹುದು. ಆದರೆ ಇದು ಇನ್ನೂ ನೀರು ತುಂಬದ ರೋಗಿಗಳಿಗೆ. ನೀರು ಬಂದವರಿಗೆ ಈ ಅಂಕಿ ಹುಡುಕುವುದರಿಂದ ಯಾವ ತೀರ್ಮಾನವೂ ಬದಲಾಗುವುದಿಲ್ಲ.

ಹಂತ 5: ಎಂಡೋಸ್ಕೋಪಿ

ನೀರಿರುವ ರೋಗಿಗೆ ಎಂಡೋಸ್ಕೋಪಿ ತಪ್ಪಿಸಬಾರದು. ಉಬ್ಬಿದ ರಕ್ತನಾಳ ನೋವು ಕೊಡುವುದಿಲ್ಲ. ಒಡೆದ ದಿನವೇ ಗೊತ್ತಾಗುವುದು.

ರಿಪೋರ್ಟ್‌ನಲ್ಲಿ ಎರಡು ಮಾತು ಹುಡುಕಿ. ಒಂದು ಗಾತ್ರ: 5 ಮಿಮೀಗಿಂತ ಚಿಕ್ಕದಾ, ದೊಡ್ಡದಾ. ಇನ್ನೊಂದು, ಮೇಲ್ಮೈಯಲ್ಲಿ ಕೆಂಪು ಗೆರೆ ಅಥವಾ ಚುಕ್ಕೆ ಇದೆಯಾ. ಕೆಂಪು ಗುರುತು ಇದ್ದರೆ ಗೋಡೆ ತೆಳುವಾಗಿದೆ ಎಂದು ಅರ್ಥ. ಜಠರದಲ್ಲಿರುವ ವೇರಿಸೀಸ್‌ಗೆ ಬೇರೆ ಹೆಸರುಗಳಿವೆ. ಜಿಒವಿ 1, ಜಿಒವಿ 2, ಐಜಿವಿ ಎಂದೆಲ್ಲ ಬರೆದಿರುತ್ತಾರೆ. ಈ ವಿಂಗಡಣೆ ಮಾಡಿದವರು ನಮ್ಮ ದೇಶದವರೇ ಆದ ಡಾ. ಶಿವಕುಮಾರ್ ಸರೀನ್. ಇಂದು ಜಗತ್ತಿನ ಬಹುತೇಕ ಕಡೆ ಇದನ್ನೇ ಬಳಸುತ್ತಾರೆ.

ರಕ್ತನಾಳ ಒಡೆಯದಂತೆ ತಡೆಯಲು ಕಾರ್ವೆಡಿಲಾಲ್ ಅಥವಾ ಪ್ರೊಪ್ರಾನೊಲಾಲ್ ಮಾತ್ರೆ ಕೊಡುತ್ತಾರೆ, ಇಲ್ಲವೇ ಎಂಡೋಸ್ಕೋಪಿಯಲ್ಲೇ ಉಬ್ಬಿದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಮಾತ್ರೆ ಪೋರ್ಟಲ್ ಒತ್ತಡವನ್ನೇ ಇಳಿಸುತ್ತದೆ, ಬ್ಯಾಂಡ್ ಆ ಒಂದು ಜಾಗವನ್ನಷ್ಟೇ ಕಟ್ಟುತ್ತದೆ. ಆದರೆ ನೀರಿರುವವರಲ್ಲಿ ಮಾತ್ರೆಯ ಮೇಲೆ ಕಣ್ಣಿಡಬೇಕು. ಮೇಲಿನ ಬಿಪಿ 90ಕ್ಕಿಂತ ಇಳಿದರೆ ಅಥವಾ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿದರೆ ಡೋಸ್ ಇಳಿಸಬೇಕೋ ನಿಲ್ಲಿಸಬೇಕೋ ಎಂದು ಡಾಕ್ಟರನ್ನು ಅದೇ ದಿನ ಕೇಳಿ. ನೀವಾಗಿಯೇ ಬಿಡಬೇಡಿ.

ಹಂತ 6: ನೇರವಾಗಿ ಒತ್ತಡ ಅಳೆಯುವ ಪರೀಕ್ಷೆ ಯಾರಿಗೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಹೌದು, ಅಂಥ ಪರೀಕ್ಷೆ ಇದೆ. ಹೆಸರು ಎಚ್‌ವಿಪಿಜಿ. ಕುತ್ತಿಗೆಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಲಿವರ್‌ನ ರಕ್ತನಾಳಕ್ಕೆ ಇಳಿಸುತ್ತಾರೆ. ಮೊದಲು ರಕ್ತ ಹರಿಯುವಾಗಿನ ಒತ್ತಡ ನೋಡುತ್ತಾರೆ. ಆಮೇಲೆ ತುದಿಯ ಸಣ್ಣ ಬಲೂನ್ ಉಬ್ಬಿಸಿ ರಕ್ತನಾಳ ಮುಚ್ಚಿ ಮತ್ತೆ ನೋಡುತ್ತಾರೆ. ಎರಡರ ವ್ಯತ್ಯಾಸವೇ ನಾನು ಮೇಲೆ ಹೇಳಿದ 5, 10, 12ರ ಅಂಕಿ. ಅನುಭವ ಇರುವ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಇದು ಸರಿಯಾಗಿ ನಡೆಯುತ್ತದೆ.

ನೀರಿನ ಕಾರಣ ಸ್ಪಷ್ಟವಾಗದಿದ್ದರೆ, ಅದೇ ದಾರಿಯಲ್ಲಿ ಲಿವರ್‌ನ ಚೂರು ತೆಗೆಯಬೇಕಿದ್ದರೆ, ಲಿವರ್ ಆಪರೇಷನ್ ಯೋಚನೆ ಇದ್ದರೆ ಇದು ಬೇಕು. ರಕ್ತ ವಾಂತಿಯಾದವರಲ್ಲಿ 20 ದಾಟಿದ್ದರೆ ರಕ್ತ ನಿಲ್ಲುವುದು ಕಷ್ಟ ಎಂದು ಮುಂಚೆಯೇ ತಿಳಿಯುತ್ತದೆ. ಉಳಿದವರಿಗೆ ಇದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ. ತಡೆ ಲಿವರ್‌ಗಿಂತ ಮೊದಲೇ, ಪೋರ್ಟಲ್ ವೇನ್‌ನಲ್ಲೇ ಇದ್ದರೆ ಈ ಅಂಕಿ ಕಡಿಮೆ ಬಂದು ದಾರಿ ತಪ್ಪಿಸುತ್ತದೆ ಎಂಬುದೂ ಗೊತ್ತಿರಲಿ.

ಹಂತ 7: ರಕ್ತದ ರಿಪೋರ್ಟ್‌ಗಳನ್ನು ಒಟ್ಟಿಗೆ ಓದುವುದು

ಪ್ಲೇಟ್‌ಲೆಟ್ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ದೊಡ್ಡದಾದ ಗುಲ್ಮ. 70 ಸಾವಿರ ಎಂದ ಕೂಡಲೇ ಡೆಂಗಿ ಎಂದು ಹೆದರಿ ಪಪ್ಪಾಯಿ ಎಲೆಯ ರಸ ಕುಡಿಸಿದವರನ್ನು ಕಂಡಿದ್ದೇನೆ. ಹಳೆಯ ರಿಪೋರ್ಟ್ ತೆಗೆದು ನೋಡಿ. ವರ್ಷದಿಂದಲೂ ಹಾಗೇ ಇದ್ದರೆ ಅದು ಗುಲ್ಮದ್ದೇ ಕೆಲಸ ಇರಬೇಕು.

ಬಿಲಿರುಬಿನ್ (ಕಾಮಾಲೆಯ ಅಳತೆ), ಆಲ್ಬುಮಿನ್, ಐಎನ್‌ಆರ್, ಹೊಟ್ಟೆಯ ನೀರು, ಮೆದುಳಿನ ಮಂಕು ಈ ಐದನ್ನು ಸೇರಿಸಿ, ರೋಗ ಎಷ್ಟು ಮುಂದುವರಿದಿದೆ ಎಂದು ಹೇಳುವ ಚೈಲ್ಡ್ ಪ್ಯೂ ಅಂಕ ಹಾಕುತ್ತಾರೆ. 5, 6 ಬಂದರೆ 'ಎ', 7ರಿಂದ 9 'ಬಿ', 10ರಿಂದ 15 'ಸಿ'. ಇನ್ನೊಂದು ರಕ್ತದ ರಿಪೋರ್ಟ್‌ಗಳಿಂದ ಹಾಕುವ ಮೆಲ್ಡ್ ಅಂಕ, 6ರಿಂದ 40ರವರೆಗೆ, ಹೆಚ್ಚಾದಷ್ಟೂ ರೋಗ ಜೋರು. ಮೆಲ್ಡ್ 15 ಮುಟ್ಟಿದರೆ ಲಿವರ್ ಕಸಿಯ ಮಾತು ಶುರು ಮಾಡಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೀರು ಬಂದ ದಿನವೇ ಕಸಿ ತಜ್ಞರನ್ನು ಒಮ್ಮೆ ಕಾಣುವುದು ಒಳ್ಳೆಯದು. ಕಾಯುವ ಪಟ್ಟಿಗೆ ಸೇರಲು ಹೊತ್ತು ಬೇಕು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ'. ಆಸ್ಪತ್ರೆಯ ಮೂಲಕ ಅಲ್ಲಿ ಹೆಸರು ದಾಖಲಾಗುತ್ತದೆ.

ಸೋಡಿಯಂ ಮತ್ತು ಕ್ರಿಯಾಟಿನಿನ್ ಮೇಲೆ ವಿಶೇಷ ಗಮನ ಇರಲಿ. ಎರಡು ದಿನದಲ್ಲಿ ಕ್ರಿಯಾಟಿನಿನ್ 0.3 ಏರಿದರೂ ಕಿಡ್ನಿಗೆ ಪೆಟ್ಟು ಎಂದೇ ಲೆಕ್ಕ. 0.7 ಇದ್ದದ್ದು 1.1 ಆದರೆ ಲ್ಯಾಬಿನ ಹಾಳೆಯಲ್ಲಿ 'ನಾರ್ಮಲ್' ಎಂದೇ ಇರುತ್ತದೆ. ಸ್ನಾಯು ಕರಗಿದ ರೋಗಿಗೆ ಅದು ನಾರ್ಮಲ್ ಅಲ್ಲ.

ಹಂತ 8: ಮನೆಯಲ್ಲಿ ಒಂದು ನೋಟ್‌ಬುಕ್

ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆಯಿರಿ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ನೀರು ಇಳಿಸುವುದು) ತೆಗೆದುಕೊಳ್ಳುವಾಗ ಕಾಲು ಊತ ಇಲ್ಲದವರಿಗೆ ದಿನಕ್ಕೆ ಅರ್ಧ ಕೆಜಿ, ಊತ ಇರುವವರಿಗೆ ಒಂದು ಕೆಜಿ ಇಳಿದರೆ ಸಾಕು. ಅದಕ್ಕಿಂತ ವೇಗವಾಗಿ ಇಳಿದರೆ ಖುಷಿ ಪಡಬೇಡಿ, ಫೋನ್ ಮಾಡಿ.

ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಸುಮಾರು ಒಂದು ಚಿಕ್ಕ ಚಮಚ. ಸಾರಿಗೆ ಹಾಕಿದ್ದೂ ಇದರಲ್ಲೇ ಸೇರಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ ಬಿಡಬೇಕು. ಸೈಂಧವ ಲವಣವೂ ಉಪ್ಪೇ. 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ.

ಬೇಳೆ, ಮೊಟ್ಟೆ, ಮೊಸರು ನಿಲ್ಲಿಸಬೇಡಿ. ಪಥ್ಯ ಎಂದು ಬರೀ ಗಂಜಿ ಕೊಟ್ಟು ಸೊರಗಿಸಬೇಡಿ. ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮಲಗುವ ಮುಂಚೆ ಏನಾದರೂ ತಿನ್ನಿಸಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ, ಕಿಡ್ನಿ ನಿಲ್ಲಿಸಿಬಿಡುತ್ತವೆ.

ನೋಟ್‌ಬುಕ್ಕಿನಲ್ಲಿ ರೋಗಿಯ ಕೈಯಿಂದ ದಿನಾ ಒಂದು ಸಹಿ ಹಾಕಿಸಿ. ಅಕ್ಷರ ಸೊಟ್ಟಗಾಗುತ್ತಾ ಬಂದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಶುರುವಾದರೆ, ರೋಗ ಮೆದುಳಿಗೆ ಏರುತ್ತಿದೆ ಎಂದು ಬಹಳ ಮುಂಚೆಯೇ ಗೊತ್ತಾಗುತ್ತದೆ.

ಕೂಡಲೇ ಹೊರಡಬೇಕಾದ ಹೊತ್ತು

ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಜ್ವರ ಅಥವಾ ಹೊಟ್ಟೆನೋವು, ತೊದಲು ಮಾತು, ಮೂತ್ರ ತೀರಾ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ವಾಂತಿ ಆಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಕೊಡಬೇಡಿ. ನೋಟ್‌ಬುಕ್, ಕೊನೆಯ ಎಂಡೋಸ್ಕೋಪಿ ರಿಪೋರ್ಟ್, ಮಾತ್ರೆಗಳ ಚೀಲ ಜೊತೆಗಿರಲಿ.

ಕ್ಯಾಶುವಾಲ್ಟಿ ಬಾಗಿಲಲ್ಲಿ ಮೊದಲು ಹೇಳಬೇಕಾದ್ದು "ಇವರಿಗೆ ಸಿರೋಸಿಸ್ ಇದೆ, ಹೊಟ್ಟೆಯಲ್ಲಿ ನೀರಿದೆ" ಎಂದು. ಹಾಗೆ ಹೇಳಿದರೆ ರಕ್ತ ವಾಂತಿಯನ್ನು ಅಲ್ಸರ್ ಎಂದುಕೊಳ್ಳುವುದಿಲ್ಲ. ಎಂಡೋಸ್ಕೋಪಿಗೆ ಮುಂಚೆಯೇ ಪೋರ್ಟಲ್ ಒತ್ತಡ ಇಳಿಸುವ ಇಂಜೆಕ್ಷನ್ ಮತ್ತು ಆ್ಯಂಟಿಬಯೋಟಿಕ್ ಶುರುವಾಗುತ್ತದೆ.